ಮಗುವನ್ನು ಇಲ್ಲಿ ಕೊಡಿ: ಮಂಗಳೂರಿನಿಂದ ಮಲ್ಪೆಗೆ ಎರಡು ದಿನ

ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಹೊರಡುವ ಹೊತ್ತಿಗೆ ಸೀಟುಗಳೆಲ್ಲ ಭರ್ತಿ. ಮಗುವನ್ನು ಸೊಂಟಕ್ಕೇರಿಸಿಕೊಂಡು ಕಂಬ ಹಿಡಿದು ನಿಂತವರ ಕಡೆಗೆ ಸೀಟಿನಿಂದ ಎರಡು ಕೈ ಚಾಚಿಕೊಳ್ಳುತ್ತವೆ: "ಬಾಲೆನ್ ಮುಲ್ಪ ಕೊರ್ಲೆ." ಮಗುವನ್ನು ಇಲ್ಲಿ ಕೊಡಿ. ತುಳು ಬಾರದವರಿಗೂ ಅರ್ಥವಾಗುವ ಮಾತು. ಕೊಡದಿದ್ದರೆ ಬೇಸರವಿಲ್ಲ, ಕೊಟ್ಟರೆ ಮುಲ್ಕಿ ದಾಟುವ ತನಕ ಮಗು ಅವರ ಮಡಿಲಿನಲ್ಲಿ. ಕರಾವಳಿಯ ಜನರ ಸೈರಣೆ ಹೀಗೆ ಕೈಯಲ್ಲಿದೆ. ಜಾಗಗಳು ಮಾತ್ರ ಇನ್ನೂ ಅಷ್ಟು ಸೈರಿಸುವುದಿಲ್ಲ. ಮಗುವಿನ ಬಟ್ಟೆ ಬದಲಿಸಲು ಒಂದು ಹಲಗೆ, ಹಾಲೂಡಿಸಲು ಒಂದು ಮರೆ ಹುಡುಕಿದರೂ ಸಿಗುವುದು ಅಪರೂಪ. ಆದ್ದರಿಂದ ಸಿದ್ಧತೆ ಮನೆಯಿಂದಲೇ ಬರಬೇಕು: ಎರಡು ಹಳೆಯ ಪಂಚೆ (ಒಂದು ನೆಲಕ್ಕೆ, ಒಂದು ಮರೆಗೆ), ಮೂರು ಜೊತೆ ಬಟ್ಟೆ, ಒದ್ದೆಯಾದದ್ದನ್ನು ಕಟ್ಟಿಡಲು ಪ್ಲಾಸ್ಟಿಕ್ ಚೀಲ.

ದಾರಿ ಸುಮಾರು 60 ಕಿ.ಮೀ., ಒಂದೂವರೆ ಗಂಟೆಯ ಆಸುಪಾಸು. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಬಿಸಿಲು ಬಲಗಡೆ ಬೀಳುತ್ತದೆ, ಸಂಜೆ ದಕ್ಷಿಣಕ್ಕೆ ಮರಳುವಾಗಲೂ ಬಲಗಡೆಯೇ. ಹಾಗಾಗಿ ಎರಡು ಸಲವೂ ಎಡಬದಿಯ ಸೀಟು ನೋಡಬೇಕು. ಕೊನೆಯ ಸಾಲು ಬೇಡ. ಅಲ್ಲಿ ಕುಲುಕಾಟ ಹೆಚ್ಚು, ಕುಡಿದ ಹಾಲು ಸುರತ್ಕಲ್‌ಗೆ ಮೊದಲೇ ಹೊರಗೆ ಬರುತ್ತದೆ.

ಕೃಷ್ಣಮಠಕ್ಕೆ ಮಗುವಿನ ತಳ್ಳುಗಾಡಿ ಒಯ್ಯುವುದು ವ್ಯರ್ಥ. ಹೊಸ್ತಿಲುಗಳು, ಮೆಟ್ಟಿಲುಗಳು, ನಡುವೆ ಜನ. ಎದೆಗೆ ಕಟ್ಟಿಕೊಳ್ಳುವ ಜೋಳಿಗೆಯೇ ಸರಿ. ಗಂಡಸರು ಒಳಗೆ ಅಂಗಿ ಕಳಚಬೇಕು. ಬೆವರಿದ ಬರಿಮೈಗೆ ಜೋಳಿಗೆಯ ಪಟ್ಟಿ ಉಜ್ಜಿ ಉರಿಯುತ್ತದೆ, ಅದಕ್ಕೊಂದು ಹತ್ತಿಯ ಶಾಲು ಹೆಗಲ ಮೇಲಿರಲಿ. ಕೃಷ್ಣನ ದರ್ಶನ ಬೆಳ್ಳಿ ಕವಚದ ನವಗ್ರಹ ಕಿಂಡಿಯ ಒಂಬತ್ತು ರಂಧ್ರಗಳ ಮೂಲಕ. ಪುಟ್ಟ ಮಕ್ಕಳಿಗೆ ಅದು ಎಟಕುವುದಿಲ್ಲ. ಎತ್ತಿ ಹಿಡಿದ ಮೇಲೂ ಅರ್ಧಕ್ಕರ್ಧ ಮಕ್ಕಳು ಹೊಳೆಯುವ ಬೆಳ್ಳಿಯನ್ನೇ ನೋಡುತ್ತವೆ, ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಒತ್ತಡ ಶುರು. ಸಾಲಿನಲ್ಲಿರುವಾಗಲೇ "ಒಳಗೆ ದೀಪ ಉಂಟು, ದೀಪ ಹುಡುಕು" ಎಂದು ಹೇಳಿಟ್ಟರೆ ಮಗು ತಕ್ಷಣ ದೀಪ ಹಿಡಿಯುತ್ತದೆ, ದೀಪದ ಪಕ್ಕದಲ್ಲಿ ಕೃಷ್ಣ ಸಿಗುತ್ತಾನೆ.

ಮಠದ ಊಟದ ಪಂಕ್ತಿ ನಿಜವಾದ ಪರೀಕ್ಷೆ. ನೆಲದ ಮೇಲೆ ಕುಳಿತ ಸಾಲು, ಎದುರಿನಲ್ಲಿ ಬಿಸಿ ಸಾರಿನ ಪಾತ್ರೆ ಹಿಡಿದು ಬಡಿಸುವವರ ವೇಗದ ನಡಿಗೆ. ಆ ಓಣಿಯೊಳಕ್ಕೆ ಅಂಬೆಗಾಲಿಡುವ ಮಗು ನುಗ್ಗಿದರೆ ಬೈದು ಫಲವಿಲ್ಲ, ಸುಡುವುದು ಮಗುವಿನ ಬೆನ್ನೇ. ಇಬ್ಬರು ದೊಡ್ಡವರ ನಡುವೆ ಕೂರಿಸಿ, ಸಾರು ಬರುವ ಹೊತ್ತಿಗೆ ಮಡಿಲಿಗೆ ಎಳೆದುಕೊಳ್ಳಬೇಕು. ಇನ್ನೊಂದು ತೊಡಕು ಸಮಯದ್ದು. ಪಂಕ್ತಿ ಬೇಗ ಮುಗಿಯುತ್ತದೆ, ಎರಡು ವರ್ಷದ ಮಗುವಿನ ಊಟಕ್ಕೆ ಅರ್ಧ ಗಂಟೆಯಾದರೂ ಬೇಕು. ಅದಕ್ಕಾಗಿ ಎಲ್ಲರೂ ಕಾಯುವ ಸ್ಥಿತಿ ತರುವ ಬದಲು ಮೊದಲೇ ಹತ್ತಿರದ ಹೋಟೆಲಿನಲ್ಲಿ ಹೊಟ್ಟೆ ತುಂಬಿಸುವುದು ಒಳ್ಳೆಯದು. ಬನ್ಸ್ ಇದಕ್ಕೆ ಹೇಳಿ ಮಾಡಿಸಿದ ತಿಂಡಿ: ಬಾಳೆಹಣ್ಣಿನ ಸಿಹಿ, ಖಾರವಿಲ್ಲ, ಹಲ್ಲಿಗೆ ಮೆತ್ತಗೆ. ಆದರೆ ಉಬ್ಬಿದ ಬನ್ಸಿನೊಳಗೆ ಹಬೆ ಕಟ್ಟಿಕೊಂಡಿರುತ್ತದೆ; ಹರಿದು ಬಿಡಿಸಿಟ್ಟು, ಬೆರಳಿಗೆ ತಣ್ಣಗಾದ ಮೇಲೆಯೇ ಕೊಡಬೇಕು. ಪಂಕ್ತಿಯಲ್ಲಿ ಮಗುವಿಗೆ ಒಂದು ಹಿಡಿ ಅನ್ನ, ಮಜ್ಜಿಗೆ, ಬೆರಳ ತುದಿಯಷ್ಟು ಪಾಯಸ ಸಾಕು. ಬಡಿಸುವವರು ಮಗುವಿನ ಎಲೆಯ ಮುಂದೆ ಬಗ್ಗಿ ಒಂದು ಕ್ಷಣ ನಿಲ್ಲುವುದನ್ನು ನೋಡಬೇಕು. ಆ ಅವಸರದ ನಡುವೆಯೂ ಅವರಿಗೆ ಅಷ್ಟು ವ್ಯವಧಾನ ಇರುತ್ತದೆ.

ರಾತ್ರಿಗೆ ಬಯಲಾಟ, ಅಂದರೆ ಬಯಲಿನಲ್ಲಿ ಆಡುವ ಯಕ್ಷಗಾನ. ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಮೇಳಗಳು ಮೇ ಕೊನೆಯ ಪತ್ತನಾಜೆಗೆ (ತಿರುಗಾಟ ಮುಗಿಸುವ ದಿನ) ಗೆಜ್ಜೆ ಬಿಚ್ಚುತ್ತವೆ. ಮಕ್ಕಳಿರುವ ಮನೆಯವರಿಗೆ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿ ಆಟವೇ ಅನುಕೂಲ. ಯಕ್ಷಗಾನದ ಪ್ರೇಕ್ಷಕರಷ್ಟು ಮಕ್ಕಳನ್ನು ಬಲ್ಲ ಸಭೆ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅವರ ಸೈರಣೆಗೂ ಒಂದು ಲಯವಿದೆ. ರಾಕ್ಷಸ ಪಾತ್ರದ ಬಣ್ಣದ ವೇಷ ಅಟ್ಟಹಾಸ ಮಾಡುತ್ತಾ ರಾಳದ ಬೆಂಕಿಯ ನಡುವೆ ನುಗ್ಗಿ ಬರುವಾಗ ಮಗು ಕಿರುಚಿದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಆಟದ್ದೇ ಭಾಗ. ಅದೇ ಮಗು ಭಾಗವತರು ನಿಧಾನಗತಿಯಲ್ಲಿ ಕರುಣರಸದ ಪದ್ಯ ಎತ್ತಿದಾಗ ಅಥವಾ ಅರ್ಥಗಾರಿಕೆ (ಪಾತ್ರಗಳ ಮಾತು) ಬಿಗಿಗೊಂಡಾಗ ರಂಪ ಮಾಡಿದರೆ ಕತ್ತುಗಳು ತಿರುಗುತ್ತವೆ. ಕೂರುವುದು ಸಾಲಿನ ಅಂಚಿನಲ್ಲಿ, ಚೆಂಡೆಯವರು ನಿಲ್ಲುವ ಬದಿಯಿಂದ ದೂರ. ಎದ್ದು ಕತ್ತಲಿಗೆ ಹೋಗಲು ದಾರಿ ಇರಬೇಕು, ಎಳೆಯ ಕಿವಿಗೂ ಚೆಂಡೆಯ ಪೆಟ್ಟು ಹತ್ತಿರದಿಂದ ಬೀಳಬಾರದು.

ಹೆದರುವ ಮಗುವಿಗೆ ಮದ್ದು ಚೌಕಿಯಲ್ಲಿದೆ, ಅಂದರೆ ವೇಷ ಕಟ್ಟುವ ಜಾಗದಲ್ಲಿ. ಬಣ್ಣದ ವೇಷದ ಮುಖಕ್ಕೆ ಚುಟ್ಟಿ (ಬಿಳಿ ಉಬ್ಬುಚುಕ್ಕೆಗಳು) ಇಡುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಆಟಕ್ಕೆ ಮೊದಲು ಅನುಮತಿ ಕೇಳಿ, ಬಾಗಿಲ ಬಳಿ ನಿಂತು, ಮುಖದ ಅರ್ಧಭಾಗ ಇನ್ನೂ ಬರಿದಾಗಿರುವಾಗ ತೋರಿಸಿದರೆ "ಅದು ಮಾಮ" ಎಂದು ಮಗುವಿಗೆ ಗೊತ್ತಾಗುತ್ತದೆ. ಕಿರೀಟ, ಗೆಜ್ಜೆ ಮುಟ್ಟಲು ಬಿಡಬಾರದು.

ಮರುದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ದೋಣಿಗಳಿಲ್ಲ. ಹತ್ತುವ ಮೊದಲು ಒಂದು ಗಂಟೆ ಹಾಲು ಕೊಡದಿದ್ದರೆ ವಾಂತಿ ಕಡಿಮೆ. ಕೂರುವುದು ನಡುವಿನಿಂದ ಹಿಂದಕ್ಕೆ, ಮೂತಿಯ ಕಡೆ ಏರಿಳಿತ ಜಾಸ್ತಿ. ಲೈಫ್ ಜಾಕೆಟ್ ತೊಡಿಸಿ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಅದು ಕಿವಿಯವರೆಗೆ ಜಾರಿ ಬಂದರೆ ದೊಡ್ಡವರ ಜಾಕೆಟ್ ಎಂದರ್ಥ, ನೀರಿಗೆ ಬಿದ್ದರೆ ಮಗು ಕೆಳಗೆ ಜಾರುತ್ತದೆ, ಜಾಕೆಟ್ ಮಾತ್ರ ತೇಲುತ್ತದೆ. ಕಾಲ ಸಂದಿಯಿಂದ ಬಿಗಿಯುವ ಪಟ್ಟಿಯಿರುವ ಸಣ್ಣ ಅಳತೆಯದನ್ನು ಮನೆಯಿಂದಲೇ ತರಬೇಕು. ಕತ್ತು ನಿಲ್ಲದ ಕೂಸನ್ನು ದೋಣಿಗೆ ಹತ್ತಿಸಲೇಬಾರದು, ಒಬ್ಬರು ಅದರೊಂದಿಗೆ ದಡದಲ್ಲಿ ಉಳಿಯಲಿ.

ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ, ಲಾವಾ ತಣಿದು ಬಿರಿದು ಆದವು. ಮಕ್ಕಳಿಗೆ ಅವು ಹತ್ತಿ ಇಳಿಯುವ ಮೆಟ್ಟಿಲು. ಒದ್ದೆ ಕಲ್ಲು ಜಾರುತ್ತದೆ, ದಂಡೆಯ ತುಂಬ ಒಡೆದ ಚಿಪ್ಪು. ಹಿಂಬದಿ ಪಟ್ಟಿಯಿರುವ ಚಪ್ಪಲಿ ಕಳಚಕೂಡದು. ಮರಳುವ ದೋಣಿಯಲ್ಲಿ ಮಗು ನಿದ್ದೆಗೆ ಜಾರಿದರೂ ಜಾಕೆಟ್ ಬಿಚ್ಚಬೇಡಿ. ಪಕ್ಕದಲ್ಲಿ ಕೂತವರು ಆಗಲೇ ತಮ್ಮ ಶಾಲನ್ನು ಬಿಡಿಸಿ ಬಿಸಿಲಿಗೆ ಅಡ್ಡ ಹಿಡಿದಿರುತ್ತಾರೆ.