‘ಎಷ್ಟು ದಿನ ಬೇಕು ಮೇಡಂ?’

ಮೈಸೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬರುವವರಲ್ಲಿ ಹೆಚ್ಚಿನವರು ಆಟಗಾರರಲ್ಲ. ಮಂಡಿ ಸವೆದ ನಿವೃತ್ತ ಮೇಷ್ಟ್ರುಗಳು, ಕುತ್ತಿಗೆ ಹಿಡಿದುಕೊಂಡ ಸಾಫ್ಟ್‌ವೇರ್ ಎಂಜಿನಿಯರುಗಳು, ಸೊಂಟ ನೋವಿನ ಗೃಹಿಣಿಯರು. ಇವರ ನಡುವೆ ಆಗೊಮ್ಮೆ ಈಗೊಮ್ಮೆ ಫುಟ್‌ಬಾಲ್ ಹುಡುಗರು ಬರುತ್ತಾರೆ. ಅವರಲ್ಲಿ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಆಟಗಾರ, ಯಾರೆಂದು ಬಾಗಿಲಲ್ಲೇ ಹೇಳಿಬಿಡಬಹುದು. ಒಂದು ಕೈ ತೊಡೆಯ ಹಿಂಭಾಗದಲ್ಲಿರುತ್ತದೆ, ಇನ್ನೊಂದು ಕೈಯ ಮೊಬೈಲ್‌ನಲ್ಲಿ ಪಂದ್ಯಗಳ ವೇಳಾಪಟ್ಟಿ ತೆರೆದಿರುತ್ತದೆ. ಕುರ್ಚಿಯಲ್ಲಿ ಕೂರುವ ಮೊದಲೇ ಪ್ರಶ್ನೆ ಬರುತ್ತದೆ: ಎಷ್ಟು ದಿನ ಬೇಕು ಮೇಡಂ?

ಈ ಪ್ರಶ್ನೆಗೆ ನಾನು ದಿನಾಂಕದ ಉತ್ತರ ಕೊಡುವುದಿಲ್ಲ. ಹೊಸದಾಗಿ ವೃತ್ತಿಗೆ ಬರುವ ಫಿಸಿಯೋಗಳಿಗೂ ಕೊಡಬೇಡಿ ಎಂದೇ ಹೇಳುತ್ತೇನೆ. ಯಾಕೆ ಎಂಬುದನ್ನು ಒಬ್ಬ ಹುಡುಗನ ಮೊದಲ ವೃತ್ತಿಪರ ಋತುವಿನ ಮೂಲಕ ಹೇಳುವುದು ಸುಲಭ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಮಂಡ್ಯ ಕಡೆಯವನು, ಕಬ್ಬು ಬೆಳೆಯುವ ಮನೆ. ಮೈಸೂರಿನ ಹಾಸ್ಟೆಲ್‌ನಲ್ಲಿದ್ದುಕೊಂಡು ಪದವಿ ಓದುತ್ತಾ ಆಡುತ್ತಿದ್ದ. 19ನೇ ವಯಸ್ಸಿನಲ್ಲಿ ಬೆಂಗಳೂರಿನ ಕ್ಲಬ್ಬೊಂದು ಸೂಪರ್ ಡಿವಿಷನ್ ಲೀಗ್‌ಗೆಂದು ಒಂದು ಋತುವಿನ ಒಪ್ಪಂದ ಕೊಟ್ಟಿತು. ಹಣ ದೊಡ್ಡದೇನಲ್ಲ. ಆದರೂ ಚೆಂಡು ಒದ್ದು ಸಂಬಳ ತರುವ ಮೊದಲ ಮನುಷ್ಯ ಎಂದು ಊರಿನಲ್ಲಿ ಹೆಸರಾಯಿತು. ಮೊದಲ ಪಂದ್ಯಗಳಲ್ಲಿ ಬೆಂಚು. ನಂತರ ಕೊನೆಯ ಕಾಲು ಗಂಟೆ. ಹಾಗೆ ಬಂದ ಒಂದು ಅವಕಾಶದಲ್ಲಿ ಗೋಲು ಹೊಡೆದ, ಮುಂದಿನ ಪಂದ್ಯಕ್ಕೆ ಮೊದಲ ಹನ್ನೊಂದರಲ್ಲಿ ಸ್ಥಾನ ಸಿಕ್ಕಿತು. ಆ ಪಂದ್ಯದ ಮೊದಲಾರ್ಧದಲ್ಲೇ, ಡಿಫೆಂಡರ್‌ಗಳ ನಡುವೆ ಬಂದ ಚೆಂಡಿಗೆ ಓಡುತ್ತಿದ್ದಾಗ, ಹಿಂದಿನಿಂದ ಯಾರೋ ತೊಡೆಗೆ ಒದ್ದ ಹಾಗಾಯಿತಂತೆ. ತಿರುಗಿ ನೋಡಿದರೆ ಹತ್ತಿರ ಯಾರೂ ಇರಲಿಲ್ಲ. ಸ್ನಾಯು ಹರಿದವರು ಬಹುಪಾಲು ಇದನ್ನೇ ಹೇಳುತ್ತಾರೆ. ಕೇಳಿದ ಕೂಡಲೇ ಅರ್ಧ ರೋಗನಿರ್ಣಯ ಮುಗಿದಿರುತ್ತದೆ.

ತೊಡೆಯ ಹಿಂದಿನ ಮೂರು ಸ್ನಾಯುಗಳನ್ನು ಒಟ್ಟಾಗಿ ಹ್ಯಾಮ್‌ಸ್ಟ್ರಿಂಗ್ ಎನ್ನುತ್ತೇವೆ. ಪೂರ್ಣ ವೇಗದ ಓಟದಲ್ಲಿ ಕಾಲು ಮುಂದಕ್ಕೆ ಬೀಸುತ್ತದೆ. ಪಾದ ನೆಲ ಮುಟ್ಟುವುದಕ್ಕೆ ತುಸು ಮೊದಲು, ತಾವೇ ಹಿಗ್ಗುತ್ತಿರುವಾಗಲೇ ಈ ಸ್ನಾಯುಗಳು ಆ ಬೀಸುವಿಕೆಯನ್ನು ತಡೆದು ಹಿಡಿಯಬೇಕು. ಹರಿಯುವುದು ಸಾಮಾನ್ಯವಾಗಿ ಆಗಲೇ, ಹೆಚ್ಚಾಗಿ ಹೊರಬದಿಯ ಬೈಸೆಪ್ಸ್ ಫೆಮೊರಿಸ್ ಎಂಬ ಸ್ನಾಯುವಿನಲ್ಲಿ. ಸ್ಟ್ರೈಕರ್‌ನ ಕೆಲಸವೇ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅವನು ನಿಮಿಷಗಟ್ಟಲೆ ಸುಮ್ಮನೆ ನಡೆಯುತ್ತಾನೆ, ಡಿಫೆಂಡರ್‌ಗೆ ಅಂಟಿಕೊಂಡು ನಿಲ್ಲುತ್ತಾನೆ, ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಇಪ್ಪತ್ತು ಮೂವತ್ತು ಮೀಟರ್ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಓಡುತ್ತಾನೆ. ಯುರೋಪಿನ ದೊಡ್ಡ ಕ್ಲಬ್‌ಗಳ ದೀರ್ಘ ಅಧ್ಯಯನವೊಂದರಲ್ಲಿ, ಒಟ್ಟು ಗಾಯಗಳ ಪೈಕಿ ಹ್ಯಾಮ್‌ಸ್ಟ್ರಿಂಗ್ ಗಾಯಗಳ ಪಾಲು 2001–02ರಲ್ಲಿ ಶೇ 12 ಇದ್ದದ್ದು 2021–22ರ ವೇಳೆಗೆ ಶೇ 24ಕ್ಕೆ ಏರಿತ್ತು. ಅಷ್ಟೊಂದು ವೈದ್ಯರು, ಯಂತ್ರಗಳು, ಬಾಣಸಿಗರು ಇರುವ ಕಡೆಯ ಲೆಕ್ಕ ಇದು. ನಮ್ಮ ಹುಡುಗ ಹಾಸ್ಟೆಲ್ ಊಟ ಮಾಡಿ, ರೈಲಿನಲ್ಲಿ ಕುಳಿತು ಹೋಗಿ ಆಡುತ್ತಿದ್ದವನು.

ಎರಡನೆಯ ವಾರ ಮುಗಿಯುವಷ್ಟರಲ್ಲಿ ಅವನಿಗೆ ನಡೆಯುವಾಗ ನೋವಿರಲಿಲ್ಲ. ಅಪಾಯ ಶುರುವಾಗುವುದೇ ಅಲ್ಲಿಂದ. ‘ಹಾಸ್ಟೆಲ್ ಗೆಳೆಯರ ಜೊತೆ ಬೆಟ್ಟ ಹತ್ತಿದೆ ಮೇಡಂ, ಏನೂ ಆಗಲಿಲ್ಲ’ ಎಂದು ಹೆಮ್ಮೆಯಿಂದ ಹೇಳಿದ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಬಗ್ಗೆ ಮೈಸೂರಿನಲ್ಲಿ ಏನಾದರೂ ಅಂದರೆ ಜನ ಸಿಟ್ಟಾಗುತ್ತಾರೆಂದು ಗೊತ್ತು. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಉಸಿರಿಗೆ, ತೊಡೆಯ ಮುಂಭಾಗಕ್ಕೆ, ಮನಸ್ಸಿಗೆ ಒಳ್ಳೆಯದು, ನಾನೂ ಹತ್ತುತ್ತೇನೆ. ಆದರೆ ಮೆಟ್ಟಿಲು ಹತ್ತುವಾಗ ಮಂಡಿ ಮಡಿಸಿಯೇ ಇರುತ್ತದೆ, ಹೆಜ್ಜೆ ಚಿಕ್ಕದು, ವೇಗ ಕಡಿಮೆ. ಹ್ಯಾಮ್‌ಸ್ಟ್ರಿಂಗ್ ಪೂರ್ತಿ ಹಿಗ್ಗಿ ಭಾರ ಹೊರುವ ಸಂದರ್ಭ ಅಲ್ಲಿ ಬರುವುದೇ ಇಲ್ಲ. ಹಾಗಾಗಿ ಬೆಟ್ಟ ಹತ್ತಿ ಬಂದವನಿಗೆ ಅವನ ಗಾಯದ ಬಗ್ಗೆ ಏನೂ ತಿಳಿದಂತಾಗುವುದಿಲ್ಲ. ಇಳಿಯುವಾಗ ಓಡುವವರಂತೂ ಮಂಡಿಚಿಪ್ಪಿನ ಕೆಳಗಿನ ನೋವನ್ನು ಹೊಸದಾಗಿ ಸಂಪಾದಿಸಿಕೊಂಡು ನನ್ನ ಬಳಿಗೇ ಬರುತ್ತಾರೆ.

ಅವನಿಗೆ ಇಂಗ್ಲೆಂಡಿನ ಸ್ಟ್ರೈಕರ್ ಮೈಕೆಲ್ ಓವೆನ್ ಕಥೆ ಹೇಳಿದೆ. 1997ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಪರ ಮೊದಲ ಪಂದ್ಯ ಆಡಿದಾಗ ಓವೆನ್‌ಗೆ 17 ವರ್ಷ. ಅಂದೇ ಗೋಲು ಹೊಡೆದರು. ಮುಂದಿನ ಎರಡು ಋತುಗಳಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ 18, ಮತ್ತೆ 18 ಗೋಲು, ಎರಡು ಸಲವೂ ಅತಿ ಹೆಚ್ಚು ಗೋಲು ಗಳಿಸಿದವರ ಸಾಲಿನಲ್ಲಿ ಮೇಲೆ. 1998ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಡಿಫೆಂಡರುಗಳನ್ನು ದಾಟಿ ಗೋಲು ಹೊಡೆದ ಆ ಓಟ. 1999ರ ಏಪ್ರಿಲ್‌ನಲ್ಲಿ ಲೀಡ್ಸ್ ಮೈದಾನದಲ್ಲಿ ಹ್ಯಾಮ್‌ಸ್ಟ್ರಿಂಗ್ ಹರಿಯಿತು. ಆಗ ವಯಸ್ಸು 19, ಸರಿಯಾಗಿ ನಮ್ಮ ಹುಡುಗನದ್ದೇ. 2001ರಲ್ಲಿ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಬಂತು ನಿಜ. ಆದರೆ ಲೀಡ್ಸ್ ಮೈದಾನದ ಆ ಗಾಯದ ನಂತರ ಆ ಕಾಲಿನಲ್ಲಿ ಮೂರರ ಬದಲು ಎರಡೇ ಸ್ನಾಯುಗಳ ಬಲದಲ್ಲಿ ಓಡಬೇಕಾಯಿತು, ಹಳೆಯ ವೇಗ ಮರಳಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಅಷ್ಟು ಎಳೆಯ ವಯಸ್ಸಿನಲ್ಲಿ ಅಷ್ಟೊಂದು ಪಂದ್ಯಗಳನ್ನು ಆ ದೇಹದ ಮೇಲೆ ಹೇರಬಾರದಿತ್ತು ಎಂಬುದು ನನ್ನ ಅಭಿಪ್ರಾಯ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ 18 ಗೋಲೇನೂ ಬೇಡ ಮೇಡಂ, ಸ್ಥಾನ ಉಳಿದರೆ ಸಾಕು’ ಎಂದ. ಅವನ ಭಯ ಗಾಯದ್ದಲ್ಲ. ಒಂದು ಋತುವಿನ ಒಪ್ಪಂದದವನು ತಿಂಗಳುಗಟ್ಟಲೆ ಕಾಣದಿದ್ದರೆ ಆ ಜಾಗದಲ್ಲಿ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಆಗ ಸುನಿಲ್ ಚೆಟ್ರಿ ನೆನಪಾದರು. 2002ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ ಸೇರಿದ ಚೆಟ್ರಿ ಅಲ್ಲಿನ ಮೂರು ಋತುಗಳಲ್ಲಿ ಲೀಗ್‌ನಲ್ಲಿ ಹೊಡೆದದ್ದು ಬೆರಳೆಣಿಕೆಯ ಗೋಲು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದಾಗ ಭಾರತದ ಪರ 94 ಗೋಲುಗಳಿದ್ದವು. ಮರುವರ್ಷ ಮತ್ತೆ ತಂಡಕ್ಕೆ ಬಂದು ಇನ್ನೊಂದು ಹೊಡೆದರು. ‘ಅವರು ಚೆಟ್ರಿ, ನಾನು ನಾನು’ ಎಂದ ಹುಡುಗ. ಸರಿಯಾದ ಉತ್ತರವೇ. ದೊಡ್ಡವರ ಕಥೆಯಿಂದ ಸ್ಥಾನ ಉಳಿಯುವುದಿಲ್ಲ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ದಿನಾಂಕಗಳ ಬದಲು ಕೆಲಸಗಳನ್ನು ಬರೆದೆ. ಒಂಟಿ ಕಾಲಿನ ಮೇಲೆ ಸೊಂಟ ಎತ್ತಿ ಹಿಡಿಯುವುದು. ಸ್ನಾಯುವನ್ನು ಹಿಗ್ಗಿಸುತ್ತಲೇ ಬಲ ತುಂಬುವ ವ್ಯಾಯಾಮಗಳು. ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ಅವರ ತಂಡ 75 ಫುಟ್‌ಬಾಲ್ ಆಟಗಾರರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೀಗೆ ಹಿಗ್ಗಿಸುವ ವ್ಯಾಯಾಮ ಮಾಡಿದವರು ಸರಾಸರಿ 28 ದಿನಗಳಲ್ಲಿ, ಮಾಮೂಲಿ ವ್ಯಾಯಾಮ ಮಾಡಿದವರು 51 ದಿನಗಳಲ್ಲಿ ಆಟಕ್ಕೆ ಮರಳಿದ್ದರು. ಆದರೆ ಆ 28ರ ಹಿಂದೆ ಮುಂದೆ ಹದಿನೈದು ದಿನಗಳಷ್ಟು ಏರುಪೇರಿತ್ತು. ಸರಾಸರಿಯನ್ನು ಹುಡುಗನಿಗೆ ಹೇಳಿದರೆ ಅವನು ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುತ್ತಾನೆ, ಇಪ್ಪತ್ತೊಂಬತ್ತನೆಯ ದಿನ ನನ್ನನ್ನು ಸುಳ್ಳುಗಾರ್ತಿ ಎನ್ನುತ್ತಾನೆ. ಮುಂದೆ ಅರ್ಧ ವೇಗದ ಓಟ, ಮುಕ್ಕಾಲು ವೇಗ, ಪೂರ್ಣ ವೇಗ, ಪೂರ್ಣ ವೇಗದಿಂದ ಗಕ್ಕನೆ ನಿಲ್ಲುವುದು, ಕೊನೆಗೆ ಚೆಂಡಿನ ಜೊತೆ. ಒಂದು ಮುಗಿಯದೆ ಇನ್ನೊಂದಿಲ್ಲ.

ಎಲ್ಲಕ್ಕೂ ಕೊನೆಯಲ್ಲಿ ಆಸ್ಕ್ಲಿಂಗ್ ಅವರದೇ ಒಂದು ಪರೀಕ್ಷೆ ಇದೆ. ಉಳಿದ ಪರೀಕ್ಷೆಗಳಲ್ಲಿ ಎಲ್ಲವೂ ಸರಿಯಿದ್ದರೆ ಮಾತ್ರ ಇದನ್ನು ಮಾಡಬೇಕು. ಬೆನ್ನ ಮೇಲೆ ಮಲಗಿಸಿ, ಮಂಡಿ ಮಡಚದಂತೆ ಪಟ್ಟಿ ಕಟ್ಟಿ, ಕಾಲನ್ನು ಆದಷ್ಟು ವೇಗವಾಗಿ ಆದಷ್ಟು ಎತ್ತರಕ್ಕೆ ಎಸೆಯಲು ಹೇಳುತ್ತೇವೆ. ಕಾಲು ಎಷ್ಟು ಮೇಲೆ ಹೋಯಿತೆಂದು ನೋಡುವುದಷ್ಟೇ ಅಲ್ಲ, ‘ಅಳುಕಾಯಿತೇ?’ ಎಂದು ಕೇಳುತ್ತೇವೆ. ಹೌದೆಂದರೆ ಮತ್ತೆ ವ್ಯಾಯಾಮಕ್ಕೆ. ಹುಡುಗ ಮೊದಲ ಸಲ ಕಾಲೆಸೆದು ‘ನೋವಿಲ್ಲ ಮೇಡಂ, ಆದರೆ...’ ಎಂದು ನಿಲ್ಲಿಸಿದ. ಆ ‘ಆದರೆ’ಯನ್ನು ಹಾಳೆಯಲ್ಲಿ ಬರೆದುಕೊಂಡು ವಾಪಸ್ ಕಳುಹಿಸಿದೆ. ಮುಖ ಸಪ್ಪೆಯಾಯಿತು. ಮರುಗಾಯಗಳಲ್ಲಿ ಹೆಚ್ಚಿನವು ಆಟಕ್ಕೆ ಮರಳಿದ ಮೊದಲ ಎರಡು ತಿಂಗಳುಗಳಲ್ಲೇ ಆಗುತ್ತವೆ. ಆ ಅಳುಕು ಕ್ಲಿನಿಕ್‌ನಲ್ಲಿ ಕಾಣಿಸಿಕೊಂಡದ್ದು ಅವನ ಪುಣ್ಯ.

ಆ ವಾರಾಂತ್ಯ ತಂದೆ ಬಂದರು. ಜಗಳಕ್ಕೆ ಬಂದಿದ್ದಾರೆಂದುಕೊಂಡೆ. ಹಾಳೆಯನ್ನು ಮೇಲಿಂದ ಕೆಳಗೆ ಓದಿ, ಕನ್ನಡಕ ತೆಗೆದು ಹೇಳಿದರು: ‘ನಮ್ಮಲ್ಲೂ ಇದೇ ಗೋಳು ಮೇಡಂ. ದುಡ್ಡಿನ ಅವಸರಕ್ಕೆ ಕೆಲವರು ಹತ್ತು ತಿಂಗಳಿಗೇ ಕಬ್ಬು ಕಡಿದುಬಿಡುತ್ತಾರೆ. ತೂಕ ಬರುತ್ತದೆ, ಸಕ್ಕರೆ ಬರುವುದಿಲ್ಲ.’ ಆಮೇಲೆ ಮಗನ ಕಡೆ ತಿರುಗಿ, ‘ಮೇಡಂ ಹೇಳಿದಷ್ಟು ಮಾಡಪ್ಪ’ ಎಂದರು. ನನ್ನ ಅರ್ಧ ಗಂಟೆಯ ವಿವರಣೆ ಉಳಿಯಿತು.

ಕಷ್ಟದ್ದು ಕ್ಲಬ್ಬಿನ ತರಬೇತುದಾರರದ್ದು. ಅವರ ಫೋನ್ ಪ್ರತಿ ಸಲವೂ ಒಂದೇ ಧಾಟಿ: ‘ಶನಿವಾರಕ್ಕೆ ಸಿಗುತ್ತಾನೆಯೇ?’ ಅವರನ್ನು ಖಳನಾಯಕ ಮಾಡುವುದು ಸುಲಭ, ಆದರೆ ತಂಡ ಕಟ್ಟಬೇಕಾದವರು ಅವರು. ಯಾರು ಇದ್ದಾರೆ, ಯಾರು ಇಲ್ಲ ಎಂದು ಗೊತ್ತಾಗಲೇಬೇಕು. ನಾನು ಹೌದು, ಇಲ್ಲ ಎನ್ನುವ ಬದಲು ಅದೇ ಹಾಳೆಯ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸತೊಡಗಿದೆ, ಮುಗಿದ ಸಾಲುಗಳಿಗೆ ಗೆರೆ ಎಳೆದು. ಜೊತೆಗೆ ಅವನು ಪೂರ್ಣ ವೇಗದಲ್ಲಿ ಓಡುವ ವಿಡಿಯೊ. ಕೆಲವು ವಾರಗಳಲ್ಲಿ ಅವರ ಪ್ರಶ್ನೆಯೇ ಬದಲಾಯಿತು: ‘ಈಗ ಯಾವ ಸಾಲಿನಲ್ಲಿದ್ದಾನೆ?’ ಕೊನೆಯ ಸಾಲಿಗೆ ಬಂದಾಗ, ನೇರವಾಗಿ ಆಡಿಸದೆ ಮೊದಲು ಕೊನೆಯ ಹದಿನೈದು ನಿಮಿಷ ಕೊಡುತ್ತೇನೆ ಎಂದು ಅವರಾಗಿಯೇ ಹೇಳಿದರು. ವಾರಗಟ್ಟಲೆ ಹುಡುಗನ ಹೆಸರು ಅವರ ಫೋನ್‌ನಲ್ಲಿ ಓಡಾಡಿಕೊಂಡೇ ಇತ್ತು. ಗಾಯಗೊಂಡ ಹೊಸಬನಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ನಾನು ಮಾಡಲಾರೆ.

ಅವನು ಆ ಋತುವಿನ ಕೊನೆಯ ಪಂದ್ಯಗಳಲ್ಲಿ ಆಡಿದ. ಒಪ್ಪಂದ ಇನ್ನೊಂದು ಋತುವಿಗೆ ಮುಂದುವರಿಯಿತು.

ಈಗ ಉಳಿದಿರುವ ತಲೆನೋವು ನಾರ್ಡಿಕ್ ವ್ಯಾಯಾಮ. ಮಂಡಿಯೂರಿ ಕೂರಬೇಕು, ಹಿಂದೆ ಒಬ್ಬರು ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ ಹಿಡಿಯಬೇಕು, ಬೆನ್ನು ಬಾಗಿಸದೆ ನಿಧಾನವಾಗಿ ಮುಂದಕ್ಕೆ ವಾಲಬೇಕು. ಉಪಕರಣ ಬೇಡ, ಖರ್ಚಿಲ್ಲ. ಡೆನ್ಮಾರ್ಕ್‌ನಲ್ಲಿ 50 ತಂಡಗಳ 942 ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದ ತಂಡಗಳಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯಗಳಾದರೆ ಮಾಡದ ತಂಡಗಳಲ್ಲಿ 52 ಆಗಿದ್ದವು. ಇಷ್ಟು ಅಗ್ಗದ ಔಷಧ ನನ್ನ ವೃತ್ತಿಯಲ್ಲಿ ಇನ್ನೊಂದಿಲ್ಲ. ಆದರೂ ಹುಡುಗರು ಬಿಟ್ಟುಬಿಡುತ್ತಾರೆ, ಏಕೆಂದರೆ ಮೊದಲ ವಾರ ತೊಡೆ ಹಿಡಿದುಕೊಂಡು ಮೆಟ್ಟಿಲಿಳಿಯಲೂ ಆಗದಂತೆ ಮಾಡುತ್ತದೆ. ಈಗ ಭಾನುವಾರ ಬೆಳಿಗ್ಗೆ ಮೈದಾನದಲ್ಲೇ, ಶುಲ್ಕವಿಲ್ಲದೆ, ಜೋಡಿ ಜೋಡಿಯಾಗಿ ಮಾಡಿಸುತ್ತೇನೆ. ಹಿಮ್ಮಡಿ ಹಿಡಿಯುವ ಗೆಳೆಯ ಕಾಯುತ್ತಿರುತ್ತಾನೆಂದರೆ ತಪ್ಪಿಸಿಕೊಳ್ಳುವುದು ಕಷ್ಟ. ಅಭ್ಯಾಸದ ಮೊದಲಲ್ಲ, ಮುಗಿದ ಮೇಲೆ. ಪಂದ್ಯದ ಹಿಂದಿನ ದಿನವಂತೂ ಬೇಡವೇ ಬೇಡ. ಬರುವವರಲ್ಲಿ ಒಮ್ಮೆ ಸ್ನಾಯು ಹರಿದುಕೊಂಡವರೇ ಹೆಚ್ಚು. ಹರಿಯದವರನ್ನು ಕರೆತರುವ ಉಪಾಯ ತಿಳಿದ ತರಬೇತುದಾರರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.