ಮೊಸಳೆ ಹಲ್ಲು ಸಿಕ್ಕರೆ ಮೊದಲು ಬುಡ ನೋಡಿ

ಚಂಡೀಗಢದ ಹತ್ತಿರದ ಶಿವಾಲಿಕ್ ಗುಡ್ಡಗಳಲ್ಲಿ ಪಳೆಯುಳಿಕೆ ಹುಡುಕುವ ತಂಡಗಳ ಜೊತೆ ಫೀಲ್ಡ್ ಅಸಿಸ್ಟೆಂಟ್ ಕೆಲಸ ನನ್ನದು. ಆನೆ ಜಾತಿಯ ಸ್ಟೆಗೊಡಾನ್ ದಂತ ಕಂಡರೆ ಎಲ್ಲರೂ ಓಡಿ ಬರುತ್ತಾರೆ. ಮೊಸಳೆ ಹಲ್ಲಿಗೆ ಅಷ್ಟು ಮರ್ಯಾದೆ ಇಲ್ಲ. ಜಾಸ್ತಿ ಸಿಗುತ್ತವೆ, ಅದಕ್ಕೇ.

ಜಾಸ್ತಿ ಸಿಗಲು ಕಾರಣ ಇದೆ. ನಮಗೆ ಹಾಲುಹಲ್ಲು ಉದುರುವುದು ಒಂದೇ ಸಲ. ಮೊಸಳೆಗೆ ಬದುಕಿಡೀ ಹಲ್ಲು ಉದುರುತ್ತಾ, ಹೊಸದು ಬರುತ್ತಾ ಇರುತ್ತದೆ. ಒಂದೊಂದು ಮೊಸಳೆ ಸಾವಿರಗಟ್ಟಲೆ ಹಲ್ಲು ಉದುರಿಸುತ್ತದೆ. ಮೇಲಿನ ಎನಾಮೆಲ್ ಗಟ್ಟಿ. ಹಾಗಾಗಿ ಮೂಳೆ ಪುಡಿಯಾದ ಕಡೆಯೂ ಹಲ್ಲು ಉಳಿದಿರುತ್ತದೆ. ಮಳೆಗಾಲ ಮುಗಿದ ಮೇಲೆ, ಹೊಸದಾಗಿ ಕೊಚ್ಚಿಹೋದ ಇಳಿಜಾರಿನಲ್ಲಿ, ಬೆಳಗಿನ ಓರೆ ಬಿಸಿಲಿಗೆ ಅದು ಮಿಂಚುತ್ತದೆ.

ಹೊಸಬರು ಹಲ್ಲು ಸಿಕ್ಕ ತಕ್ಷಣ ತುದಿ ಮುಟ್ಟಿ ನೋಡುತ್ತಾರೆ. ಎಷ್ಟು ಚೂಪು, ಎಷ್ಟು ಉದ್ದ ಅಂತ. ಚೂಪು ನಂಬಿದರೆ ಕೆಟ್ಟಿರಿ. ಒಂದೇ ಮೊಸಳೆಯ ಬಾಯಲ್ಲಿ ಮುಂದಿನ ಹಲ್ಲು ಉದ್ದವಾಗಿ ಚೂಪಾಗಿರುತ್ತದೆ, ಹಿಂದಿನದು ಗಿಡ್ಡವಾಗಿ ಮೊಂಡಾಗಿರುತ್ತದೆ. ಎರಡು ಬೇರೆ ಪ್ರಾಣಿ ಎಂದು ಬರೆದಿಟ್ಟ ಚೀಟಿಗಳನ್ನು ನೋಡಿದ್ದೇನೆ.

ನಾನು ಹಲ್ಲನ್ನು ತಿರುಗಿಸಿ ಬುಡ ನೋಡಲು ಹೇಳುತ್ತೇನೆ. ಹೊಸ ಹಲ್ಲು ಹಳೆಯದರ ಅಡಿಯಲ್ಲೇ ಬೆಳೆಯುತ್ತದೆ. ಆಗ ಹಳೆಯದರ ಬೇರು ಕರಗಿ, ಟೊಪ್ಪಿಗೆಯಂಥ ಮೇಲ್ಭಾಗ ಮಾತ್ರ ಉಳಿದು ಉದುರುತ್ತದೆ. ಬುಡ ಟೊಳ್ಳು, ಬೇರು ಇಲ್ಲ ಎಂದರೆ ಆ ಮೊಸಳೆ ಹಲ್ಲು ಬೀಳಿಸಿ ತನ್ನ ಪಾಡಿಗೆ ಈಜಿಕೊಂಡು ಹೋಗಿದೆ. ಜಾಗ ಗುರುತಿಸಿ, ಪೊಟ್ಟಣ ಕಟ್ಟಿ ಮುಂದೆ ಹೋಗಬಹುದು. ಉದ್ದನೆಯ ಬೇರು ಇದ್ದರೆ ಕಥೆ ಬೇರೆ. ಅದು ಸತ್ತ ಪ್ರಾಣಿಯ ದವಡೆಯಿಂದ ಕಳಚಿದ್ದಿರಬಹುದು. ದವಡೆ ಅಲ್ಲೇ ಮೇಲೆಲ್ಲೋ ಇರಬಹುದು. ಆಗ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಕಾಲಡಿ ನೋಡಬೇಕು.

ಒಂದು ತೊಡಕಿದೆ. ಬೇರು ಮುರಿದಿದ್ದರೂ ಒಳಗೆ ಟೊಳ್ಳೇ ಕಾಣುತ್ತದೆ. ಈಚೆಗೆ ಮುರಿದಿದ್ದರೆ ಅಂಚು ಚೂಪು, ಬಣ್ಣವೂ ತಿಳಿ. ನೀರಿನಲ್ಲಿ ಉರುಳಿ ಸವೆದಿದ್ದರೆ ಭೂತಗನ್ನಡಿ ಹಿಡಿದರೂ ಕಷ್ಟ. ಅಂಥದ್ದಕ್ಕೆ ನಾನು ಪ್ರಶ್ನೆ ಚಿಹ್ನೆ ಹಾಕುತ್ತೇನೆ. ಅದರಲ್ಲಿ ನಾಚಿಕೆ ಏನಿಲ್ಲ.

ಹೆಸರಿನ ವಿಷಯದಲ್ಲೂ ಅಷ್ಟೇ. ಸಣಕಲು ಹಲ್ಲಾದರೆ ಉದ್ದ ಸಪೂರ ಮೂತಿಯ ಘರಿಯಲ್ ಥರದ್ದು, ದಪ್ಪನೆಯದಾದರೆ ಅಗಲ ಮೂತಿಯ ಮಗ್ಗರ್ ಮೊಸಳೆ ಥರದ್ದು. ಬಿಡಿ ಹಲ್ಲಿನ ಮೇಲೆ ಅದಕ್ಕಿಂತ ಹೆಚ್ಚು ಹೇಳುವುದು ಬಹಳ ಸಲ ಸುಮ್ನೆ ಊಹೆ. ಆದರೂ ದೊಡ್ಡ ಹಲ್ಲು ಕಂಡರೆ ಸಾಕು, ಯಾರಾದರೂ ‘ರಾಂಫೋಸೂಕಸ್!’ ಎಂದು ಕೂಗುತ್ತಾರೆ. ಈಗ ಅಳಿದುಹೋಗಿರುವ, ಶಿವಾಲಿಕ್‌ನ ಆ ದೈತ್ಯ ಮೊಸಳೆ 15 ಮೀಟರಿಗೂ ಉದ್ದ ಎಂದು ಹಿಂದೆ ಹೇಳುತ್ತಿದ್ದರು. ಈಗಿನ ಅಂದಾಜು 8ರಿಂದ 11 ಮೀಟರ್. ಅದೇನು ಕಡಿಮೆಯೇ?

ಹೆಸರಿಗಿಂತ ಜಾಗ ಮುಖ್ಯ. ಇಲ್ಲಿ ತಟ್ರೋಟ್ ಎಂಬ ಹಳೆಯ ಶಿಲಾಪದರಗಳ ಮೇಲೆ ಪಿಂಜೋರ್ ಎಂಬ ಹೊಸ ಪದರಗಳಿವೆ. ಎರಡರ ಗಡಿ ಸುಮಾರು 26 ಲಕ್ಷ ವರ್ಷ ಹಿಂದಿನದು. ಚೋ, ಅಂದರೆ ಮಳೆಗಾಲದ ಹಳ್ಳದ ತಳದಲ್ಲಿ ಸಿಕ್ಕ ಹಲ್ಲು ಯಾವ ಪದರದ್ದೂ ಆಗಿರಬಹುದು. ಆದ್ದರಿಂದ ‘ಹಳ್ಳದಲ್ಲಿ ಸಿಕ್ಕಿದ್ದು’, ‘ಪದರದಲ್ಲೇ ಇದ್ದದ್ದು’ ಎಂದು ಬೇರೆ ಬೇರೆ ಬರೆಯಲೇಬೇಕು. 1830ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ಹ್ಯೂ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರಾಬಿ ಕಾಟ್ಲಿ ಶಿವಾಲಿಕ್‌ನಿಂದ ರಾಶಿಗಟ್ಟಲೆ ಪಳೆಯುಳಿಕೆ ಸಂಗ್ರಹಿಸಿದರು. ಅದ್ಭುತ ಕೆಲಸ. ಆದರೆ ಅವುಗಳಲ್ಲಿ ಎಷ್ಟೋ ತುಂಡುಗಳಿಗೆ ‘ಶಿವಾಲಿಕ್ ಬೆಟ್ಟ’ ಎಂಬುದೇ ವಿಳಾಸ.

ಇನ್ನು ಅಂಟು. ಬಿರುಕು ಬಿಟ್ಟ ಹಲ್ಲಿಗೆ ಫೆವಿಕ್ವಿಕ್ ಹಾಕಬೇಡಿ. ಹಾಕುವುದು ಸುಲಭ, ಬಿಡಿಸುವುದು ಮಹಾ ರಗಳೆ. ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಾಲಾಯ್ಡ್ ಬಿ-72 ಎಂಬ ಅಂಟು ಆದರೆ ಮುಂದೆ ಬೇಕೆಂದಾಗ ಮತ್ತೆ ಅಸಿಟೋನ್ ಹಾಕಿ ತೆಗೆಯಬಹುದು. ಅದು ಕೈಯಲ್ಲಿಲ್ಲದಿದ್ದರೆ ಹತ್ತಿಯಲ್ಲಿ ಸುತ್ತಿ, ಚೀಟಿಯ ಜೊತೆ ಡಬ್ಬಿಗೆ ಹಾಕಿ ತನ್ನಿ. ಉಳಿದದ್ದನ್ನು ಲ್ಯಾಬಿನಲ್ಲಿ ನೋಡಿಕೊಳ್ಳುತ್ತೇವೆ.