ಬಿಪಿ ಮಾತ್ರೆ ತಿಂದರೆ ಮರೆವು ಬರುತ್ತದಂತೆ, ಹೌದೇ?

ಇಲ್ಲ, ಬರುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಔಷಧಿ ಅಂಗಡಿಯ ಮುಂದೆ ನಿಂತು ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಿನ ರಕ್ತಸಂಚಾರವೇ ನನ್ನ ಸಂಶೋಧನೆ ಎಂದು ತಿಳಿದೊಡನೆ ಕೇಳುತ್ತಾರೆ. ಪ್ರಶ್ನೆಯ ಬಾಲದಲ್ಲಿರುವ ಆ ‘ಅಂತೆ’ ನನಗೆ ಸಿಟ್ಟು ತರಿಸುತ್ತದೆ. ಯಾರು ಹೇಳಿದರು ಎಂದರೆ ಹೆಸರಿಲ್ಲ. ಆ ಹೆಸರಿಲ್ಲದವರ ಮಾತು ಕೇಳಿ ಮಾತ್ರೆ ನಿಲ್ಲಿಸಿಬಿಡುತ್ತಾರೆ.

ನಮ್ಮತ್ತೆಯೂ ನಿಲ್ಲಿಸಿದ್ದರು. ಗೌರಿ ಹಬ್ಬಕ್ಕೆ ಹೋದವಳು ಸಕ್ಕರೆ ಹುಡುಕುತ್ತ ಹಳೆಯ ಹಾರ್ಲಿಕ್ಸ್ ಡಬ್ಬ ತೆರೆದೆ. ಒಳಗೆ ರಬ್ಬರ್ ಬ್ಯಾಂಡ್ ಹಾಕಿಟ್ಟ ಎಂಟು ಶೀಟು ಮಾತ್ರೆ, ಒಂದನ್ನೂ ಒಡೆದಿರಲಿಲ್ಲ. “ಎದುರು ಮನೆಯವರು ಹತ್ತು ವರ್ಷ ಬಿಪಿ ಮಾತ್ರೆ ತಿಂದರು, ಈಗ ಮಗನ ಗುರುತೇ ಹಿಡಿಯುವುದಿಲ್ಲ. ಬಿಪಿ ಇಳಿಸಿದರೆ ತಲೆಗೆ ರಕ್ತ ಏರುವುದಿಲ್ಲವಂತೆ ಕಣಮ್ಮ” ಎಂದರು.

ತಲೆಗೆ ರಕ್ತ ಏರುವುದಿಲ್ಲ ಎಂಬ ಭಯ ವೈದ್ಯರಿಗೂ ಇತ್ತು. ಆದ್ದರಿಂದ ಅದಕ್ಕೆ ಸರಿಯಾಗಿ ಉತ್ತರಿಸುತ್ತೇನೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಿರುವ ಮಿದುಳು ಆಮ್ಲಜನಕದಲ್ಲಿ ಸುಮಾರು 20 ಪಾಲು ಬಳಸುತ್ತದೆ. ಅದಕ್ಕೆ ಬಿಡುವೇ ಇಲ್ಲ. ಹಾಗಾಗಿ ಅಲ್ಲಿನ ಸಣ್ಣ ರಕ್ತನಾಳಗಳು ಒತ್ತಡ ಇಳಿದಾಗ ಹಿಗ್ಗುತ್ತವೆ, ಏರಿದಾಗ ಕುಗ್ಗುತ್ತವೆ, ಹರಿವನ್ನು ಕಾಯ್ದುಕೊಳ್ಳುತ್ತವೆ.

ಇದನ್ನು ನೋಡಲು ಕಣತಲೆಗೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಪ್ರೋಬ್ ಕಟ್ಟುತ್ತೇವೆ, ಬೆರಳಿಗೆ ಬಿಪಿ ಪಟ್ಟಿ ಹಾಕುತ್ತೇವೆ. ಹತ್ತು ಸೆಕೆಂಡು ಕುಳಿತಿರಬೇಕು, ಹತ್ತು ಸೆಕೆಂಡು ನಿಂತಿರಬೇಕು. ಹೀಗೆ ಐದು ನಿಮಿಷ. ಆಲ್ಝೈಮರ್ ಇದ್ದ ನಿವೃತ್ತ ಶಿಕ್ಷಕಿಯೊಬ್ಬರು ಎದ್ದಾಗಲೆಲ್ಲ “ಯಾಕಮ್ಮ ಎಬ್ಬಿಸಿದೆ?” ಎಂದು ಹೊಸದಾಗಿ ಕೇಳುತ್ತಿದ್ದರು. ನಾನು ಪ್ರತಿ ಸಲವೂ ಹೊಸದಾಗಿ ಹೇಳುತ್ತಿದ್ದೆ. ಅವರಿಗೆ ಮರೆತುಹೋಗುತ್ತಿತ್ತು, ಅವರ ರಕ್ತನಾಳಗಳು ಮಾತ್ರ ತಮ್ಮ ಕೆಲಸ ಮರೆತಿರಲಿಲ್ಲ. ತೆರೆಯ ಮೇಲೆ ಒತ್ತಡದ ಗೆರೆ ಕುಸಿದಾಗ ಹರಿವಿನ ಗೆರೆ ತುಸು ಬಾಗಿ, ಕೆಲವೇ ಸೆಕೆಂಡುಗಳಲ್ಲಿ ಮೇಲೆ ಬರುತ್ತಿತ್ತು.

ನೆದರ್‌ಲ್ಯಾಂಡ್ಸ್‌ನ ನೈಮೇಗನ್ ನಗರದ ಸಂಶೋಧಕರು ಆಲ್ಝೈಮರ್ ಇದ್ದವರಿಗೆ ಆರು ತಿಂಗಳು ನಿಲ್ವಾಡಿಪಿನ್ ಎಂಬ ಬಿಪಿ ಮಾತ್ರೆ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಿಪಿ ಇಳಿದಿತ್ತು, ನೆನಪಿನ ನೆಲೆಯಾದ ಹಿಪೊಕ್ಯಾಂಪಸ್‌ಗೆ ಹರಿಯುವ ರಕ್ತ ಸುಮಾರು ಶೇ 20ರಷ್ಟು ಹೆಚ್ಚಾಗಿತ್ತು. ಹೌದು, ಹೆಚ್ಚಾಗಿತ್ತು! ಆದರೆ ಯುರೋಪಿನ 511 ರೋಗಿಗಳ ಮುಖ್ಯ ಪ್ರಯೋಗದಲ್ಲಿ ಅದೇ ಮಾತ್ರೆ ಮರೆವಿನ ಓಟವನ್ನು ತಡೆಯಲಿಲ್ಲ. ನನ್ನ ನಿದ್ದೆ ಕೆಡಿಸುವುದು ಇದು. ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ನಾವು ತಡಮಾಡಿರುತ್ತೇವೆ.

ಅಪ್ಪನ ಮರೆವಿನ ಬಗ್ಗೆ ಕೇಳುವವರು ಒಮ್ಮೆಯಾದರೂ “ನನಗೀಗ ನಲವತ್ತೈದು, ನನ್ನ ಬಿಪಿ ಎಷ್ಟಿರಬೇಕು?” ಎಂದು ಕೇಳಬಾರದೇ? ನಡುವಯಸ್ಸಿನಲ್ಲಿ ಏರಿದ ಬಿಪಿ ಸಣ್ಣ ನಾಳಗಳನ್ನು ಸದ್ದಿಲ್ಲದೆ ಗಡುಸಾಗಿಸುತ್ತದೆ, ಅದರ ಸಾಲವನ್ನು ಎಪ್ಪತ್ತರಲ್ಲಿ ತೀರಿಸಬೇಕು. ಅಮೆರಿಕದಲ್ಲಿ 50 ದಾಟಿದ 9,361 ಮಂದಿಯ ಮೇಲೆ ನಡೆದ ‘ಸ್ಪ್ರಿಂಟ್’ ಪ್ರಯೋಗದಲ್ಲಿ, ಮೇಲಿನ ಅಂಕಿಯನ್ನು 140ರ ಬದಲು 120ರ ಕೆಳಗೆ ತರಲು ಚಿಕಿತ್ಸೆ ಪಡೆದವರಲ್ಲಿ ಮರೆಗುಳಿತನದ ಮೊದಲ ಹಂತ ಶೇ 19ರಷ್ಟು ಕಡಿಮೆ ಕಂಡಿತು. ಪೂರ್ಣ ಮರೆಗುಳಿತನದ ಇಳಿಕೆ ಖಚಿತವಾಗಿ ಹೇಳುವಷ್ಟಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಯುತ್ತಿರುವ ದೊಡ್ಡ ಅಧ್ಯಯನವೂ 45ರ ವಯಸ್ಸಿನಿಂದಲೇ ಜನರನ್ನು ಗಮನಿಸುತ್ತದೆ.

ವಯಸ್ಸಾದವರಿಗೆ ಎದ್ದು ನಿಂತಾಗ ತಲೆ ಸುತ್ತಿದರೆ ವೈದ್ಯರಿಗೆ ಹೇಳಿ ಪ್ರಮಾಣ ಬದಲಿಸಿಕೊಳ್ಳಬೇಕು. ಮಾತ್ರೆ ಹಾರ್ಲಿಕ್ಸ್ ಡಬ್ಬ ಸೇರಬಾರದು.

ಹಬ್ಬದ ದಿನ ಅತ್ತೆಯ ಬಿಪಿ 186/104 ಇತ್ತು. ಪಕ್ಕದಲ್ಲಿ ಕೋಡುಬಳೆ ಮುರಿಯುತ್ತಿದ್ದ ಅವರ ಮಗ, ನನ್ನ ಭಾವನಿಗೆ 47 ವರ್ಷ. “ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೇನೆ” ಎಂದರು. ತೋಳಿಗೆ ಪಟ್ಟಿ ಸುತ್ತಿದೆ. 158/98. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ, 156/98. ಕೋಡುಬಳೆ ತಟ್ಟೆಯಲ್ಲೇ ಉಳಿಯಿತು.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರ ಅಂಕಿಗಳೂ ನನ್ನ ಮೊಬೈಲಿಗೆ ಬರುತ್ತವೆ. ಮೊನ್ನೆ ಅತ್ತೆಯದು 138/80, ಭಾವನದು 134/88. ಭಾವನದು ಇನ್ನೂ ಇಳಿಯಬೇಕು.